ಕರು ಸತ್ತಿತು, ಅಜ್ಜಯ್ಯ ‘ಹೋದರು’

ಜಯಪುರದಿಂದ ಕಳಸದ ಕಡೆಗೆ ಹೋಗುವ ದಾರಿಯಲ್ಲಿ ಬಸರೀಕಟ್ಟೆ ಇದೆ. ಸುತ್ತ ಅಡಿಕೆ, ಕಾಫಿ, ಮೆಣಸಿನ ಬಳ್ಳಿ. ಕೊಟ್ಟಿಗೆ ತುಂಬ ದನ ಕಟ್ಟುತ್ತಿದ್ದ ಕಾಲ ಹೋಗಿ, ಈಗ ಒಂದೋ ಎರಡೋ ಹಸು ಉಳಿಸಿಕೊಂಡ ಮನೆಗಳು. ಅಂಥದ್ದೊಂದು ಮನೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಆಷಾಢದ ಜಡಿಮಳೆ. ಹುಟ್ಟಿ ನಾಲ್ಕು ದಿನದ ಕರು ಬೆಳಗಾಗುವಷ್ಟರಲ್ಲಿ ಕಾಲು ಚಾಚಿಬಿಟ್ಟಿದೆ. ನಾಲ್ಕು ವರ್ಷದ ಹುಡುಗಿ ಕೊಟ್ಟಿಗೆ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಾಳೆ. ಅಪ್ಪ ಕರುವನ್ನು ಗೋಣಿತಾಟಿನ ಮೇಲೆ ಎಳೆದದ್ದು, ತೋಟದ ಮೂಲೆಯಲ್ಲಿ ಗುಂಡಿ ತೋಡಿದ್ದು, ಮೇಲೆ ಉಪ್ಪು ಸುರಿದು ಮಣ್ಣು ಮುಚ್ಚಿದ್ದು. “ಎಂತ ಆಯ್ತು ಅದಕ್ಕೆ?” ಎಂದು ಕೇಳಿದರೆ ಮನೆಯಲ್ಲಿ ಯಾರೂ ಮಾತಿಗೆ ತಡಕಾಡುವುದಿಲ್ಲ. “ಸತ್ತೋಯ್ತು ಮಗಾ.”

ಅದೇ ಮನೆಯಲ್ಲಿ ದೀಪಾವಳಿ ಹೊತ್ತಿಗೆ ಅಜ್ಜಯ್ಯ ತೀರಿಕೊಳ್ಳುತ್ತಾರೆ. ಹುಡುಗಿಯನ್ನು ಪಕ್ಕದ ಮನೆಗೆ ಕಳಿಸುತ್ತಾರೆ. ಸಂಜೆ ವಾಪಸು ಬಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಅಜ್ಜಯ್ಯ ದೇವರ ಹತ್ರ ಹೋದ್ರು. ನಕ್ಷತ್ರ ಆದ್ರು. ಮಲಗಿಬಿಟ್ರು. ದೂರದ ಊರಿಗೆ ಹೋಗಿದಾರೆ, ಸುಮ್ನಿರು.

ಸಾವಿನ ವಿಷಯದಲ್ಲಿ ಕನ್ನಡಕ್ಕೆ ಮಾತಿನ ಬಡತನವಿಲ್ಲ. ಕಾಲವಾದರು, ದೈವಾಧೀನರಾದರು, ಶಿವೈಕ್ಯರಾದರು, ಸ್ವರ್ಗಸ್ಥರಾದರು, ವಿಧಿವಶರಾದರು, ಇನ್ನಿಲ್ಲವಾದರು. ಪತ್ರಿಕೆಯ ಒಂದೇ ಪುಟದಲ್ಲಿ ಇವೆಲ್ಲ ಸಿಗುತ್ತವೆ. ಮನುಷ್ಯರ ವಿಷಯದಲ್ಲಿ ‘ಸತ್ತರು’ ಎಂದರೆ ಒರಟು, ಬೈದ ಹಾಗೆ. ಆ ಮಾತು ದನಕ್ಕೆ, ನಾಯಿಗೆ, ಇಲಿಗೆ. ದೊಡ್ಡವರಿಗೆ ಇದು ಮರ್ಯಾದೆಯ ಪ್ರಶ್ನೆ. ನಾಲ್ಕು ವರ್ಷದ ಮಗುವಿಗೆ ಮಾತ್ರ ಇವು ಎರಡು ಬೇರೆ ಬೇರೆ ಸಂಗತಿಗಳು: ಕರುವಿಗೆ ಆಗಿದ್ದು ಒಂದು, ಅಜ್ಜಯ್ಯನಿಗೆ ಆಗಿದ್ದು ಇನ್ನೊಂದು. ಕರು ಮತ್ತೆ ಎದ್ದು ಬರುವುದಿಲ್ಲ ಎಂದು ಗುಂಡಿ ನೋಡಿದ ಹುಡುಗಿಗೆ ಗೊತ್ತು. ಅಜ್ಜಯ್ಯ ‘ಹೋಗಿದ್ದಾರೆ’, ಕೊಪ್ಪಕ್ಕೆ ಹೋದ ಅಪ್ಪ ಸಂಜೆ ಬಸ್ಸಿಗೆ ಬರುವಾಗ ಅಜ್ಜಯ್ಯ ಏಕೆ ಬರಬಾರದು?

ಎಳೆಯ ಮಕ್ಕಳಿಗೆ ಹುಟ್ಟು–ಸಾವಿನ ಪರಿಚಯ ಮಾಡಿಸುವ ಚಿತ್ರಪುಸ್ತಕಗಳು ಕೆಲಸಕ್ಕೆ ಬರುವುದು ಇಲ್ಲಿ. ಅವುಗಳಲ್ಲಿ ಸಾಯುವುದು ಬಹುಪಾಲು ಹಕ್ಕಿ, ಬೆಕ್ಕು, ಬಾತುಕೋಳಿ. ಆದರೆ ಅಳುವುದು, ನೆನೆಯುವುದು, ಪ್ರಶ್ನೆ ಕೇಳುವುದು ಮನುಷ್ಯರಂತೆ. ಕರುವಿನ ಸಾವಿಗೂ ಅಜ್ಜಯ್ಯನ ಸಾವಿಗೂ ನಡುವೆ ನಾವು ಬಿಟ್ಟ ಸಂದಿಗೆ ಈ ಪುಸ್ತಕಗಳು ಒಂದು ಕಾಲುಸಂಕ ಹಾಕುತ್ತವೆ. ಯಾವ ಪುಸ್ತಕ, ಯಾವ ವಯಸ್ಸಿಗೆ, ಹೇಗೆ ಓದಬೇಕು ಎಂಬುದನ್ನು ಮಲೆನಾಡಿನ ಮನೆಯೊಂದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ನೋಡೋಣ.

ಮಗುವಿಗೆ ಎಷ್ಟು ತಿಳಿಯುತ್ತದೆ?

1948ರಲ್ಲಿ ಮಾರಿಯಾ ನಾಗಿ ಎಂಬ ಹಂಗೇರಿಯ ಮನಶ್ಶಾಸ್ತ್ರಜ್ಞೆ ಬುಡಾಪೆಸ್ಟ್ ಸುತ್ತಮುತ್ತಲ ಮೂರರಿಂದ ಹತ್ತು ವರ್ಷದ ಮಕ್ಕಳನ್ನು ಮಾತಾಡಿಸಿ ಒಂದು ಪ್ರಬಂಧ ಪ್ರಕಟಿಸಿದರು. ಐದು ವರ್ಷದೊಳಗಿನ ಮಕ್ಕಳಿಗೆ ಸಾವೆಂದರೆ ಎಲ್ಲಿಗೋ ಹೋಗುವುದು, ಇಲ್ಲವೇ ನಿದ್ದೆ. ಆಮೇಲಿನ ವಯಸ್ಸಿನಲ್ಲಿ ಹಲವರಿಗೆ ಸಾವು ಒಬ್ಬ ವ್ಯಕ್ತಿ, ಬಂದು ಕರೆದೊಯ್ಯುವವನು. ಒಂಬತ್ತು ದಾಟಿದ ಮೇಲೆ ಅದು ಎಲ್ಲರಿಗೂ ಬರುವ ಕೊನೆ. ಎರಡನೇ ಹಂತ ಎಲ್ಲ ಕಡೆಯ ಮಕ್ಕಳಲ್ಲೂ ಕಾಣುವುದಿಲ್ಲ ಎಂದು ಮುಂದಿನ ಅಧ್ಯಯನಗಳು ಹೇಳಿದವು. ಮೊದಲ ಹಂತವನ್ನು ಮಾತ್ರ ನಮ್ಮ ಮನೆಗಳಲ್ಲಿ ಇಟ್ಟು ನೋಡಬೇಕು. ‘ಹೋದರು’, ‘ಮಲಗಿದರು’ ಎಂದು ನಾವು ಕೊಡುವ ಉತ್ತರಗಳು ಮಗುವಿನ ತಪ್ಪು ತಿಳಿವಳಿಕೆಗೆ ಹಾಕಿದ ಒಪ್ಪಿಗೆಯ ಮೊಹರಿನಂತಿವೆ! ‘ಮಲಗಿದರು’ ಎಂಬ ಉತ್ತರಕ್ಕೆ ಇನ್ನೊಂದು ಬಾಲವೂ ಉಂಟು: ಅಂದು ರಾತ್ರಿ ಮಗು ಮಲಗಲು ಹೆದರುತ್ತದೆ.

1984ರಲ್ಲಿ ಸ್ಪೀಸ್ ಮತ್ತು ಬ್ರೆಂಟ್ ಎಂಬ ಅಮೆರಿಕದ ಸಂಶೋಧಕರು ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿ, ಮಗು ಸಾವನ್ನು ಅರ್ಥಮಾಡಿಕೊಳ್ಳುವುದೆಂದರೆ ಮೂರು ಸಂಗತಿಗಳನ್ನು ಹಿಡಿಯುವುದು ಎಂದರು. ಸತ್ತದ್ದು ಮತ್ತೆ ಬದುಕುವುದಿಲ್ಲ. ಸತ್ತ ದೇಹಕ್ಕೆ ಉಸಿರು, ಹಸಿವು, ನೋವು, ಚಳಿ ಯಾವುದೂ ಇಲ್ಲ. ಸಾವು ಜೀವ ಇರುವ ಎಲ್ಲಕ್ಕೂ ಬರುತ್ತದೆ. ಹೆಚ್ಚಿನ ಮಕ್ಕಳು ಐದರಿಂದ ಏಳು ವರ್ಷದ ನಡುವೆ ಈ ಮೂರನ್ನೂ ಮುಟ್ಟುತ್ತಾರೆ.

ಪುಸ್ತಕ ಆರಿಸುವಾಗ ಈ ಮೂರನ್ನೇ ಅಳತೆಗೋಲು ಮಾಡಿಕೊಂಡರೆ ಸಾಕು. ಎರಡನೆಯದು ಮಲೆನಾಡಿನಲ್ಲಿ ತುಸು ಜೋರಾಗಿಯೇ ಬರುವ ಪ್ರಶ್ನೆ: “ಮಳೆ ಬಂದ್ರೆ ಕರು ಒಳಗೆ ನೆನೆಯಲ್ವಾ?” ಸುಡುವ ಪದ್ಧತಿಯ ಮನೆಗಳಲ್ಲಿ ಇದೇ ಪ್ರಶ್ನೆಗೆ ಇನ್ನೂ ಹರಿತವಾದ ರೂಪ: “ಅಜ್ಜಯ್ಯನಿಗೆ ಬಿಸಿ ಆಗಲ್ವಾ?” ಇದಕ್ಕೆ ಗದರಿಕೆ ಉತ್ತರವಲ್ಲ. ಸತ್ತ ಮೇಲೆ ಮೈಗೆ ನೋವು ಗೊತ್ತಾಗುವುದಿಲ್ಲ, ಬಿಸಿ ಚಳಿ ಗೊತ್ತಾಗುವುದಿಲ್ಲ ಎಂದರೆ ಮಗುವಿಗೆ ಬೇಕಾದದ್ದು ಸಿಕ್ಕಿತು.

ಹಕ್ಕಿ, ಬೆಕ್ಕು, ಬಾತುಕೋಳಿ

ಮೂರ್ನಾಲ್ಕು ವರ್ಷದ ಮಗುವಿಗೆ ಒಂದೇ ಪುಸ್ತಕ ಕೊಡುವುದಾದರೆ ಅದು ಮಾರ್ಗರೆಟ್ ವೈಸ್ ಬ್ರೌನ್ ಬರೆದ ‘ದಿ ಡೆಡ್ ಬರ್ಡ್’ ಆಗಬೇಕು. 1938ರಲ್ಲಿ ಒಂದು ಸಂಕಲನದೊಳಗೆ ಬಂದಿದ್ದ ಕತೆ ಇದು. 1958ರಲ್ಲಿ ರೆಮಿ ಚಾರ್ಲಿಪ್ ಚಿತ್ರಗಳೊಂದಿಗೆ ಬಿಡಿ ಪುಸ್ತಕವಾಯಿತು; 2016ರಲ್ಲಿ ಕ್ರಿಶ್ಚಿಯನ್ ರಾಬಿನ್ಸನ್ ಹೊಸದಾಗಿ ಚಿತ್ರ ಬರೆದರು. ಕೆಲವು ಮಕ್ಕಳಿಗೆ ಆಟದ ನಡುವೆ ಒಂದು ಸತ್ತ ಹಕ್ಕಿ ಸಿಗುತ್ತದೆ. ಮೈ ಇನ್ನೂ ಬೆಚ್ಚಗಿದೆ. ಎದೆ ಮುಟ್ಟಿ ನೋಡುತ್ತಾರೆ, ಬಡಿತವಿಲ್ಲ. ನೋಡುತ್ತಿದ್ದಂತೆ ತಣ್ಣಗಾಗುತ್ತದೆ, ಸೆಟೆದುಕೊಳ್ಳುತ್ತದೆ. ಗುಂಡಿ ತೋಡಿ, ಸೊಪ್ಪು ಹಾಸಿ, ಹೂವಿಟ್ಟು, ಹಾಡು ಹೇಳಿ ಮಣ್ಣು ಮಾಡುತ್ತಾರೆ. ಸ್ವರ್ಗ ಇಲ್ಲ, ನಕ್ಷತ್ರ ಇಲ್ಲ, ದೊಡ್ಡವರು ಒಬ್ಬರೂ ಇಲ್ಲ. ಈ ಪುಸ್ತಕದ ನಿಜವಾದ ಧೈರ್ಯ ಇರುವುದು ಕೊನೆಯಲ್ಲಿ. ಮಕ್ಕಳು ದಿನವೂ ಅಲ್ಲಿಗೆ ಹೋಗಿ ಹೊಸ ಹೂವಿಡುತ್ತಾರೆ, ಅದು ಮರೆತುಹೋಗುವವರೆಗೆ. ಮರೆಯುವುದು ತಪ್ಪಲ್ಲ ಎಂದು ಇಷ್ಟು ತಣ್ಣಗೆ ಹೇಳಿದ ಮಕ್ಕಳ ಪುಸ್ತಕ ಇನ್ನೊಂದು ಸಿಗುವುದು ಕಷ್ಟ.

ಆದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಓದುಗರು ಈ ಪುಸ್ತಕದ ಜೊತೆಗೆ ಒಂದು ಮಾತನ್ನು ಸೇರಿಸಿಕೊಳ್ಳಲೇಬೇಕು. ಪುಸ್ತಕದ ಮಕ್ಕಳು ಸತ್ತ ಹಕ್ಕಿಯನ್ನು ಕೈಯಲ್ಲಿ ಹಿಡಿಯುತ್ತಾರೆ. ನಮ್ಮ ಕಡೆ ಮಂಗನ ಕಾಯಿಲೆ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ರೋಗ ಉಣುಗಿನಿಂದ ಹರಡುತ್ತದೆ. ಮಂಗ ಸತ್ತು ಬಿದ್ದಲ್ಲಿ ಸೋಂಕು ಹೊತ್ತ ಉಣುಗು ಸುತ್ತಲೂ ಉದುರಿರುತ್ತವೆ. ಡಿಸೆಂಬರಿನಿಂದ ಮೇವರೆಗೆ ಹಾವಳಿ ಹೆಚ್ಚು; ಶಾಲೆಗೆ ಬೇಸಿಗೆ ರಜೆ ಬಿಟ್ಟು ಮಕ್ಕಳು ಗುಡ್ಡ ಅಲೆಯುವ ತಿಂಗಳುಗಳೂ ಅದರೊಳಗೇ ಬರುತ್ತವೆ. ಆದ್ದರಿಂದ ಓದಿ ಮುಗಿಸಿದ ಕೂಡಲೇ ಕಟ್ಟುನಿಟ್ಟಾಗಿ ಹೇಳಬೇಕು: ಕಾಡಿನಲ್ಲಿ, ತೋಟದಲ್ಲಿ ಸತ್ತ ಪ್ರಾಣಿ ಕಂಡರೆ ಮುಟ್ಟಬಾರದು. ಸತ್ತ ಮಂಗವಾದರಂತೂ ಹತ್ತಿರವೂ ಹೋಗದೆ ಮನೆಗೆ ಬಂದು ಹೇಳಬೇಕು. ದೊಡ್ಡವರು ಆಶಾ ಕಾರ್ಯಕರ್ತೆಗೋ ಆರೋಗ್ಯ ಕೇಂದ್ರಕ್ಕೋ ತಿಳಿಸುತ್ತಾರೆ. ನ್ಯೂಯಾರ್ಕಿನ ಲೇಖಕಿಗೆ ಈ ಪುಟ ಬರೆಯುವ ಅಗತ್ಯ ಬಿದ್ದಿರಲಿಲ್ಲ, ಅಷ್ಟೆ.

ಜುಡಿತ್ ವಯೋರ್ಸ್ಟ್ ಬರೆದು ಎರಿಕ್ ಬ್ಲೆಗ್ವಾಡ್ ಚಿತ್ರಿಸಿದ ‘ದಿ ಟೆಂತ್ ಗುಡ್ ಥಿಂಗ್ ಅಬೌಟ್ ಬಾರ್ನಿ’ 1971ರದು. ಹುಡುಗನೊಬ್ಬನ ಬೆಕ್ಕು ಸತ್ತಿದೆ. ಅದರ ಬಗ್ಗೆ ಹತ್ತು ಒಳ್ಳೆಯ ಮಾತು ಯೋಚಿಸು, ಮಣ್ಣು ಮಾಡುವಾಗ ಹೇಳುವೆಯಂತೆ ಎನ್ನುತ್ತಾಳೆ ಅಮ್ಮ. ಹುಡುಗನಿಗೆ ಒಂಬತ್ತೇ ಹೊಳೆಯುತ್ತವೆ. ಬೆಕ್ಕು ಸ್ವರ್ಗದಲ್ಲಿದೆ, ಇಲ್ಲ ಮಣ್ಣಿನಲ್ಲಿದೆ ಎಂದು ಪಕ್ಕದ ಮನೆ ಹುಡುಗಿಯ ಜೊತೆ ಜಗಳವೂ ಆಗುತ್ತದೆ. ಆಮೇಲೆ ಅಪ್ಪನ ಜೊತೆ ಬಿತ್ತನೆ ಕೆಲಸಕ್ಕೆ ಇಳಿದಾಗ ಹತ್ತನೆಯದು ಸಿಗುತ್ತದೆ: ಬಾರ್ನಿ ಮಣ್ಣಿನಲ್ಲಿ ಮಣ್ಣಾಗಿ ಹೂ ಬೆಳೆಯಲು ನೆರವಾಗುತ್ತಿದೆ. ಗೊಬ್ಬರದ ಗುಂಡಿ, ದರಗು, ಸೊಪ್ಪು ಎಂದು ಹುಟ್ಟಿನಿಂದಲೇ ಕೇಳಿ ಬೆಳೆದ ತೋಟದ ಮನೆಯ ಮಗುವಿಗೆ ಈ ಉತ್ತರವನ್ನು ವಿವರಿಸುವ ಶ್ರಮವೇ ಇಲ್ಲ. ಸ್ವರ್ಗದ ಜಗಳದಲ್ಲಿ ಪುಸ್ತಕ ಯಾರ ಪಕ್ಷವನ್ನೂ ವಹಿಸುವುದಿಲ್ಲ. ಅಜ್ಜಿಗೆ ಒಂದು ನಂಬಿಕೆ, ಸೊಸೆಗೆ ಇನ್ನೊಂದು ಇರುವ ಮನೆಗಳಿಗೆ ಇದು ಅನುಕೂಲ.

ಸೂಸನ್ ವಾರ್ಲಿಯ ‘ಬ್ಯಾಜರ್ಸ್ ಪಾರ್ಟಿಂಗ್ ಗಿಫ್ಟ್ಸ್’ 1984ರಲ್ಲಿ ಬಂತು. ಮುದಿ ಬ್ಯಾಜರ್ ತೀರಿಕೊಂಡ ಮೇಲೆ ಅದರ ಗೆಳೆಯರು ಒಬ್ಬೊಬ್ಬರೂ ಅದರಿಂದ ಕಲಿತದ್ದನ್ನು ನೆನೆಯುತ್ತಾರೆ. ಒಬ್ಬ ಕಾಗದ ಕತ್ತರಿಸಿ ಸರಪಳಿ ಮಾಡುವುದನ್ನು ಕಲಿತಿದ್ದ, ನರಿ ಟೈ ಕಟ್ಟುವುದನ್ನು, ಕಪ್ಪೆ ಮಂಜಿನ ಮೇಲೆ ಜಾರುವುದನ್ನು. ಬ್ಯಾಜರ್ ಎಂದರೇನೆಂದು ಬಸರೀಕಟ್ಟೆಯ ಮಗುವಿಗೆ ಗೊತ್ತಿರುವುದಿಲ್ಲ. ಅದನ್ನು ಕಾಡುಹಂದಿಯೋ ಪುನುಗಿನ ಬೆಕ್ಕೋ ಮಾಡಹೋಗಬೇಡಿ, ಚಿತ್ರ ಎದುರಿಗೇ ಇದೆ. ‘ಬ್ಯಾಜರ್ ಅಜ್ಜಯ್ಯ’ ಎಂದರೆ ಕತೆ ತಾನೇ ಒಳಗೆ ಕರೆದುಕೊಳ್ಳುತ್ತದೆ. ಇಂಗ್ಲಿಷ್ ಪುಸ್ತಕವನ್ನು ಕನ್ನಡದಲ್ಲಿ ಬಾಯಿಮಾತಿನಲ್ಲಿ ಹೇಳುವಾಗ ಓದುವವರು ಒಂದು ಕ್ಷಣ ತಡೆಯುವ ಜಾಗವೂ ಇದೇ: ಬ್ಯಾಜರ್ ‘ಸತ್ತಿತೋ’, ‘ತೀರಿಕೊಂಡರೋ’? ಎರಡನ್ನೂ ಹೇಳಿ. “ಬ್ಯಾಜರ್ ಅಜ್ಜಯ್ಯ ತೀರಿಕೊಂಡ್ರು, ಅಂದ್ರೆ ಸತ್ತುಹೋದ್ರು.” ಕರುವಿನ ಪದವೂ ಅಜ್ಜಯ್ಯನ ಪದವೂ ಒಂದೇ ಉಸಿರಿನಲ್ಲಿ ಬರಬೇಕು. ಇಡೀ ಓದಿನ ಸಾರ್ಥಕತೆ ಇರುವುದು ಈ ‘ಅಂದ್ರೆ’ಯಲ್ಲಿ.

ಇನ್ನು ವೂಲ್ಫ್ ಎರ್ಲ್‌ಬ್ರೂಕ್ ಎಂಬ ಜರ್ಮನ್ ಕಲಾವಿದನ ಪುಸ್ತಕ. ಇಂಗ್ಲಿಷಿನಲ್ಲಿ ‘ಡಕ್, ಡೆತ್ ಅಂಡ್ ದಿ ಟ್ಯುಲಿಪ್’. ಮೂಲ 2007ರದು, ಅದಕ್ಕೆ ಹಿಂದಿನ ವರ್ಷವೇ ಅವರಿಗೆ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿ ಬಂದಿತ್ತು. ಬಾತುಕೋಳಿಗೆ ತನ್ನ ಹಿಂದೆ ಯಾರೋ ಬರುತ್ತಿದ್ದಾರೆ ಅನ್ನಿಸುತ್ತದೆ. ತಿರುಗಿ ನೋಡಿದರೆ ಸಾವು: ಬುರುಡೆ ತಲೆ, ಚೌಕಳಿ ನಿಲುವಂಗಿ, ಕೈಯಲ್ಲಿ ಒಂದು ಟ್ಯುಲಿಪ್ ಹೂ. ಇಬ್ಬರೂ ಕೊಳಕ್ಕೆ ಹೋಗುತ್ತಾರೆ, ಮರ ಹತ್ತುತ್ತಾರೆ. ನೀರಿಗಿಳಿದು ಸಾವಿಗೇ ಚಳಿ ಹತ್ತಿದಾಗ ಬಾತುಕೋಳಿ ಅದರ ಮೇಲೆ ಮಲಗಿ ಬೆಚ್ಚಗೆ ಮಾಡುತ್ತದೆ. ಕೊನೆಗೆ ಹಿಮ ಬೀಳುವ ಒಂದು ರಾತ್ರಿ ಬಾತುಕೋಳಿ ಅಲುಗುವುದಿಲ್ಲ. ಸಾವು ಅದರ ಗರಿ ಸರಿಪಡಿಸಿ, ಎತ್ತಿಕೊಂಡು ಹೋಗಿ, ಹೂವಿಟ್ಟು ದೊಡ್ಡ ನದಿಗೆ ತೇಲಿಬಿಟ್ಟು, ಕಣ್ಣಿಗೆ ಮರೆಯಾಗುವವರೆಗೆ ನೋಡುತ್ತ ನಿಲ್ಲುತ್ತದೆ. ಈ ಪುಸ್ತಕ ನೋಡಿ ದೊಡ್ಡವರು ಬೆಚ್ಚುತ್ತಾರೆ. ಯಮ ಕೋಣ ಹತ್ತಿ ಪಾಶ ಹಿಡಿದು ಬರುವುದನ್ನು ಕ್ಯಾಲೆಂಡರಿನಲ್ಲಿ, ಯಕ್ಷಗಾನದಲ್ಲಿ ಕಂಡ ಮಗುವಿಗೆ ಚೌಕಳಿ ಅಂಗಿಯ ಸಾವು ಹೆದರಿಸುವ ಆಸಾಮಿಯೇ ಅಲ್ಲ. ಆದರೂ ಐದು ವರ್ಷ ತುಂಬುವವರೆಗೆ ಕಾಯುವುದು ಮೇಲು. ಮನೆಯಲ್ಲಿ ಆಗಷ್ಟೇ ಸಾವಾಗಿದ್ದರೆ ಇದು ಬೇಡವೇ ಬೇಡ.

ಮೈಕೆಲ್ ರೋಸೆನ್ ಅವರ ‘ಸ್ಯಾಡ್ ಬುಕ್’ (2004, ಚಿತ್ರ ಕ್ವೆಂಟಿನ್ ಬ್ಲೇಕ್) ಮಕ್ಕಳ ಕಪಾಟಿನಲ್ಲಿದ್ದರೂ ಏಳೆಂಟು ವರ್ಷದ ಕೆಳಗಿನವರಿಗಲ್ಲ. ಹದಿನೆಂಟರ ಮಗನನ್ನು ಕಳೆದುಕೊಂಡ ಅಪ್ಪ ತನ್ನ ದುಃಖದ ಬಗ್ಗೆ ಬರೆದದ್ದು. ಮಗುವಿನ ಮುಂದೆ ಅಳಬಾರದೆಂದು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅಳುವ ಅಪ್ಪ ಅಮ್ಮಂದಿರು ಇದನ್ನು ತಾವೇ ಓದಿಕೊಂಡರೆ ಒಳ್ಳೆಯದು.

ಭಾರತದ ಪುಸ್ತಕಗಳೂ ಇವೆ. ಚೆನ್ನೈನ ತೂಲಿಕಾ ಪ್ರಕಾಶನದ ‘ಗಾನ್ ಗ್ರ್ಯಾಂಡ್‌ಮದರ್’ನಲ್ಲಿ ನೀನಾ ಎಂಬ ಹುಡುಗಿಗೆ ಅಜ್ಜಿ ಹೋದದ್ದೆಲ್ಲಿಗೆ ಎಂಬುದೇ ಚಿಂತೆ, ಬರೆದವರು ಚತುರಾ ರಾವ್, ಚಿತ್ರ ಕೃಷ್ಣ ಬಾಲ ಶೆಣೈ. ರಿಚಾ ಝಾ ಬರೆದು ಗೌತಮ್ ಬೆನೆಗಲ್ ಚಿತ್ರಿಸಿದ ‘ಬೂ! ವೆನ್ ಮೈ ಸಿಸ್ಟರ್ ಡೈಡ್’ ಒಡಹುಟ್ಟಿದವಳನ್ನು ಕಳೆದುಕೊಂಡ ಮಗುವಿನದು. ನೋಡಿ, ಎರಡರ ಹೆಸರಿನಲ್ಲೇ ನಮ್ಮ ಸಮಸ್ಯೆ ಇದೆ: ಒಂದು ‘ಹೋದ’ ಅಜ್ಜಿ, ಇನ್ನೊಂದು ‘ಸತ್ತ’ ತಂಗಿ ಅಥವಾ ಅಕ್ಕ.

ತೋಟದಲ್ಲೇ ಇರುವ ಪುಟಗಳು

ಆಸ್ಟ್ರೇಲಿಯಾದ ಬ್ರಯಾನ್ ಮೆಲೊನಿ ಮತ್ತು ಚಿತ್ರಕಾರ ರಾಬರ್ಟ್ ಇಂಗ್‌ಪೆನ್ 1983ರಲ್ಲಿ ತಂದ ‘ಲೈಫ್‌ಟೈಮ್ಸ್’ನಲ್ಲಿ ಕತೆಯೇ ಇಲ್ಲ. ಮರ, ಮೊಲ, ಚಿಟ್ಟೆ, ಹಕ್ಕಿ, ಮೀನು, ಮನುಷ್ಯ. ಪ್ರತಿಯೊಂದಕ್ಕೂ ಒಂದು ಹುಟ್ಟು, ಒಂದು ಕೊನೆ, ನಡುವೆ ಬದುಕು. ಯಾವುದಕ್ಕೆ ಎಷ್ಟು ಕಾಲ ಎಂಬ ಲೆಕ್ಕವಷ್ಟೇ.

ಈ ಪುಸ್ತಕ ಸಿಗದಿದ್ದರೆ ಕೈ ಕೈ ಹಿಸುಕಿಕೊಳ್ಳಬೇಕಿಲ್ಲ. ಮೊದಲ ಮಳೆ ಬಿದ್ದ ಸಂಜೆ ದೀಪಕ್ಕೆ ಮುತ್ತುವ ಮಳೆಹುಳಗಳನ್ನು ಬೆಳಿಗ್ಗೆ ಜಗಲಿಯಲ್ಲಿ ತೋರಿಸಬಹುದು: ರೆಕ್ಕೆಗಳ ರಾಶಿ ಮಾತ್ರ ಉಳಿದಿರುತ್ತದೆ. ಬಿದಿರು ಹತ್ತಾರು ವರ್ಷ ಬದುಕಿ, ಒಮ್ಮೆ ಹೂ ಬಿಟ್ಟು, ಅಕ್ಕಿ ಉದುರಿಸಿ, ಹಿಂಡಿಗೆ ಹಿಂಡೇ ಒಣಗುತ್ತದೆ. ಉದುರಿದ ಅಕ್ಕಿಯಿಂದ ಹೊಸ ಮೊಳಕೆ. 2022ರಲ್ಲಿ ಮುಳ್ಳಯ್ಯನಗಿರಿ ಸುತ್ತ ಬೆಟ್ಟ ನೀಲಿಯಾಗಿಸಿದ ಕುರಿಂಜಿಯದೂ ಇದೇ ಬಾಳು: ಹನ್ನೆರಡು ವರ್ಷಕ್ಕೊಮ್ಮೆ ಹೂವು, ಬೀಜ, ಗಿಡದ ಕೊನೆ. ಕೊಪ್ಪ–ಶೃಂಗೇರಿ ಸೀಮೆಯ ಮಕ್ಕಳು ಕಾಣುವ ಇನ್ನೊಂದು ಸಾವು ಅಷ್ಟು ಸೊಗಸಿನದಲ್ಲ. ಹಳದಿ ಎಲೆ ರೋಗಕ್ಕೆ ಸಿಕ್ಕ ಅಡಿಕೆ ಮರ ವರ್ಷಗಟ್ಟಲೆ ಸೊರಗಿ, ಸುಳಿ ಸಣ್ಣಗಾಗಿ, ಬೋಳಾಗಿ ನಿಲ್ಲುತ್ತದೆ. ಅಪ್ಪ ಅದನ್ನು ಕಡಿಯುವಾಗ ಮಾತಾಡದೆ ಕಡಿಯುತ್ತಾನೆ. ಆ ಮೌನದ ಹಿಂದೆ ಸಾಲ, ಬೆಳೆ, ಮನೆಯ ಭವಿಷ್ಯ ಎಲ್ಲ ಇರುತ್ತದೆ. ಮಗುವಿಗೆ ಅಷ್ಟೆಲ್ಲ ಬೇಡ, ಮರಕ್ಕೆ ಕಾಯಿಲೆ ಬಂತು, ಸತ್ತಿತು, ಇಲ್ಲೇ ಇನ್ನೊಂದು ಗಿಡ ನೆಡುತ್ತೇವೆ ಎಂದರೆ ಸಾಕು. ನೆಡುವಾಗ ಮಗುವಿನ ಕೈಯಲ್ಲೂ ಒಂದು ಹಿಡಿ ಮಣ್ಣು ಹಾಕಿಸಿ.

ಹುಟ್ಟಿನ ಪುಟಕ್ಕೂ ಬರವಿಲ್ಲ. ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆಯ ದಿನ ಗದ್ದೆಗೆ ಸೀಮಂತ. ಹೊಡೆ ತುಂಬಿದ ಭತ್ತದ ಪೈರು ಬಸುರಿ, ಅದಕ್ಕೆ ಬಯಕೆಯ ಅಡುಗೆ. ಸಾಗರ, ಸೊರಬದ ದೀವರ ಹೆಂಗಸರು ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೆ ಬಿಳಿ ಗೆರೆಗಳಲ್ಲಿ ಚಿತ್ತಾರ ಬರೆಯುತ್ತಾರೆ. ಅದಕ್ಕಿಂತ ಹಳೆಯ, ಅದಕ್ಕಿಂತ ಚೆಂದದ ಚಿತ್ರಪುಸ್ತಕವನ್ನು ಯಾವ ಪ್ರಕಾಶಕ ತಂದಾನು?

ಪುಣ್ಯಕೋಟಿ ಮಾಡಿದ್ದು

ಕನ್ನಡದ ಮಕ್ಕಳು ಸಾವನ್ನು ಮೊದಲು ಕೇಳುವುದು ಯಾವ ಆಮದು ಪುಸ್ತಕದಲ್ಲೂ ಅಲ್ಲ, ಗೋವಿನ ಹಾಡಿನಲ್ಲಿ. ಬರೆದವರ ಹೆಸರು ಉಳಿದಿಲ್ಲ. ಮಾತು ಬರುವ ಮೊದಲೇ ತೊಡೆಯ ಮೇಲೆ ಕೂರಿಸಿಕೊಂಡು ಹಾಡುತ್ತೇವೆ, ಈಗ ಚಿತ್ರಪುಸ್ತಕವಾಗಿಯೂ ಅನಿಮೇಶನ್ನಾಗಿಯೂ ಸಿಗುತ್ತದೆ. ಶಾಲೆಯಲ್ಲಿ ಇದನ್ನು ಸತ್ಯದ ಪಾಠವೆಂದು ಹೇಳಿಕೊಡುತ್ತಾರೆ. ಅದು ಸರಿಯೇ. ಆದರೆ ಕರುವಿನ ಕಡೆಯಿಂದ ಓದಿದರೆ ಇನ್ನೊಂದು ಕಾಣುತ್ತದೆ.

ತಾನು ಸಾಯಲಿದ್ದೇನೆ ಎಂದು ಪುಣ್ಯಕೋಟಿಗೆ ಗೊತ್ತು. ಅವಳು ಕರುವನ್ನು ಮಲಗಿಸಿ ಸದ್ದಿಲ್ಲದೆ ಹೊರಡುವುದಿಲ್ಲ, ಊರಿಗೆ ಹೋಗಿ ಬರುತ್ತೇನೆ ಎನ್ನುವುದಿಲ್ಲ. ಹುಲಿಗೆ ಮಾತು ಕೊಟ್ಟಿದ್ದೇನೆ, ಮತ್ತೆ ಬರುವುದಿಲ್ಲ ಎಂದು ತಾನೇ ಎದುರು ನಿಂತು ಹೇಳುತ್ತಾಳೆ. ಮುಂದೆ ತನ್ನ ಗತಿ ಏನು, ಹಾಲು ಯಾರದು, ಮಲಗುವುದು ಯಾರ ಮಗ್ಗುಲಲ್ಲಿ ಎಂದು ಕರು ಕೇಳಿದರೆ ಗದರುವುದಿಲ್ಲ. ಒಡನಾಡಿ ಹಸುಗಳನ್ನು ಕರೆದು, ಇವನನ್ನು ನಿಮ್ಮ ಮಗನಂತೆ ನೋಡಿಕೊಳ್ಳಿ ಎಂದು ಕರುವಿನ ಕಣ್ಣೆದುರೇ ಒಪ್ಪಿಸುತ್ತಾಳೆ. ಸಾವಿನ ಸುದ್ದಿಯನ್ನು ಮಗುವಿಗೆ ಹತ್ತಿರದವರೇ ಹೇಳಬೇಕು, ನೇರ ಮಾತಿನಲ್ಲಿ ಹೇಳಬೇಕು, ‘ನನ್ನನ್ನು ಯಾರು ನೋಡಿಕೊಳ್ಳುತ್ತಾರೆ’ ಎಂಬ ಭಯಕ್ಕೆ ಅಲ್ಲೇ ಉತ್ತರ ಕೊಡಬೇಕು. ಇಂದು ಮಕ್ಕಳ ಮನೋವೈದ್ಯರು ಹೇಳುವ ಮೂರೂ ಅಲ್ಲಿವೆ.

ಕೊನೆಗೆ ಸಾಯುವುದು ಹುಲಿ. “ಹುಲಿ ಎಂತಕ್ಕೆ ಸತ್ತಿದ್ದು?” ಎಂಬ ಪ್ರಶ್ನೆ ಬಂದೇ ಬರುತ್ತದೆ. ಕೆಟ್ಟದ್ದು ಮಾಡಿದ್ದಕ್ಕೆ ಸತ್ತಿತು ಎಂದುಬಿಟ್ಟರೆ, ನಾಳೆ ಅಜ್ಜಯ್ಯ ಏನು ಕೆಟ್ಟದ್ದು ಮಾಡಿದ್ದರು ಎಂಬ ಲೆಕ್ಕ ಶುರುವಾಗುತ್ತದೆ. ಅದಕ್ಕಿಂತ ದೊಡ್ಡ ಅಪಾಯ, ತಾನು ಹಠ ಮಾಡಿದ್ದಕ್ಕೇ ಅಜ್ಜಯ್ಯ ಸತ್ತರು ಎಂದು ಮಗು ಒಳಗೇ ಗಂಟು ಹಾಕಿಕೊಳ್ಳುವುದು. ಹುಲಿಗೆ ತುಂಬಾ ಬೇಜಾರಾಯಿತು ಎನ್ನಿ, ನಿನಗೇನನ್ನಿಸುತ್ತದೆ ಎಂದು ಕೇಳಿ. ಉತ್ತರ ಸಿಗದಿದ್ದರೂ ನಡೆಯುತ್ತದೆ.

ನಮ್ಮ ಪುರಾಣ ಕತೆಗಳಲ್ಲಿ ಒಂದು ತೊಡಕಿದೆ. ಗಣಪತಿಯ ತಲೆ ಹೋದರೆ ಆನೆಯ ತಲೆ ಬರುತ್ತದೆ. ನಚಿಕೇತ ಯಮನ ಮನೆಗೆ ಹೋಗಿ ವಾಪಸು ಬರುತ್ತಾನೆ. ಸಾವಿತ್ರಿ ಗಂಡನನ್ನೇ ಬಿಡಿಸಿ ತರುತ್ತಾಳೆ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಅದೇ ಕತೆಯನ್ನು ನಾಟಕ ಮಾಡಿ ‘ಯಮನ ಸೋಲು’ ಎಂದು ಹೆಸರಿಟ್ಟರು. ದೊಡ್ಡವರಿಗೆ ಇವು ಬೇರೆಯೇ ಎತ್ತರದ ಕತೆಗಳು. ಸತ್ತವರು ಮರಳುವುದಿಲ್ಲ ಎಂಬುದನ್ನೇ ಇನ್ನೂ ಹಿಡಿಯದ ಮಗುವಿಗೆ ಮಾತ್ರ ಇವು ಆಸೆ ಹುಟ್ಟಿಸುತ್ತವೆ: ಅಜ್ಜಯ್ಯನಿಗೂ ಹಾಗೆ ಮಾಡಿದರಾಯಿತಲ್ಲ! ಕತೆ ನಿಲ್ಲಿಸಬೇಕಿಲ್ಲ, ಸಾವಾದ ಮನೆಯಲ್ಲಿ ಆ ತಿಂಗಳಿಗೆ ಬೇಡ. ಏಳೆಂಟು ವರ್ಷದವರಿಗೆ ಕಿಸಾಗೋತಮಿಯ ಸಾಸಿವೆಯ ಕತೆ ಚೆನ್ನಾಗಿ ಹಿಡಿಸುತ್ತದೆ. ಸಾವಿಲ್ಲದ ಮನೆಯ ಸಾಸಿವೆ ಹುಡುಕಿ ಊರೆಲ್ಲ ಸುತ್ತಿದವಳಿಗೆ ಸಿಕ್ಕಿದ್ದು ಮೂರನೆಯ ಸಂಗತಿ, ಸಾವು ಎಲ್ಲರಿಗೂ ಬರುತ್ತದೆ ಎಂಬುದು.

ಓದುವ ಬಗೆ

ಮೊದಲು ಒಬ್ಬರೇ ಓದಿ. ಗಂಟಲು ಕಟ್ಟುವ ಪುಟ ಯಾವುದೆಂದು ಆಗಲೇ ಗೊತ್ತಾಗಲಿ. ಮಗುವಿನ ಎದುರು ಕಣ್ಣಲ್ಲಿ ನೀರು ಬಂದರೆ ತಪ್ಪೇನಿಲ್ಲ. “ನಂಗೆ ಅಜ್ಜಯ್ಯನ ನೆನಪಾಯ್ತು” ಎಂದರೆ ಮುಗಿಯಿತು. ಒ‍ಳ್ಳೆಯ ಸಮಯವೆಂದರೆ ಯಾರಿಗೂ ಏನೂ ಆಗಿರದ ಸಾಮಾನ್ಯ ದಿನ. ಮನೆಯಲ್ಲಿ ಸೂತಕ ಇರುವಾಗ, ನೆಂಟರ ನಡುವೆ, ‘ಇದನ್ನು ಕೇಳು, ನಿನಗೆ ಅರ್ಥವಾಗುತ್ತೆ’ ಎಂದು ಪುಸ್ತಕ ಹಿಡಿಯುವುದು ಔಷಧಿ ಕುಡಿಸಿದ ಹಾಗೆ.

ಪುಟ ತಿರುಗಿಸುವುದು ಮಗುವಿನ ಕೆಲಸ. ಒಂದೇ ಚಿತ್ರದಲ್ಲಿ ಹತ್ತು ನಿಮಿಷ ನಿಂತರೂ ಕಾಯಬೇಕು. ನಡುವೆ ಎದ್ದು ಆಡಲು ಓಡಿದರೆ ಹೃದಯವಿಲ್ಲದ ಮಗು ಎಂದುಕೊಳ್ಳಬಾರದು. ದೊಡ್ಡವರ ದುಃಖ ಹೊಳೆಯ ಹಾಗೆ, ಇಳಿದವರು ಬೇಗ ದಡ ಸೇರುವುದಿಲ್ಲ. ಚಿಕ್ಕವರದು ಮಳೆ ನಿಂತ ಮೇಲೆ ಅಂಗಳದಲ್ಲಿ ಉಳಿದ ನೀರಿನ ಗುಂಡಿ. ಕಾಲಿಡುತ್ತಾರೆ, ಹೊರಗೆ ಹಾರುತ್ತಾರೆ, ಮತ್ತೆ ಕಾಲಿಡುತ್ತಾರೆ. ಅದೇ ಪ್ರಶ್ನೆ ಇಪ್ಪತ್ತು ಸಲ ಬರುತ್ತದೆ. ಇಪ್ಪತ್ತು ಸಲವೂ ಅದೇ ಉತ್ತರ ಹೇಳಬೇಕು, ಅದೇ ಪದಗಳಲ್ಲಿ. ‘ಈ ಕತೆಯಿಂದ ಏನು ಕಲಿತೆ?’ ಎಂದು ಮಾತ್ರ ಕೇಳಬಾರದು. ಅದು ಪರೀಕ್ಷೆ.

ಆಮದು ಪುಸ್ತಕಗಳಲ್ಲಿ ಹೆಚ್ಚಾಗಿ ಮಣ್ಣು ಮಾಡುತ್ತಾರೆ. ನಿಮ್ಮಲ್ಲಿ ಸುಡುವ ಪದ್ಧತಿ ಇದ್ದರೆ ಅದನ್ನು ಓದುವಾಗಲೇ ಸೇರಿಸಿ ಹೇಳಿ, ಬೇರೆ ಮಕ್ಕಳಿಂದ ಕೇಳಿ ತಿಳಿಯುವಂತಾಗಬಾರದು. ತಿಥಿಯ ದಿನ ಕಾಗೆಗೆ ಅನ್ನ ಇಡುವಾಗ, ಹಿರಿಯರಿಗೆ ಎಡೆ ಇಡುವಾಗ ಮಗು ಅಜ್ಜಯ್ಯ ಬಂದು ಊಟ ಮಾಡುತ್ತಾರೆ ಎಂದು ಬಾಗಿಲಲ್ಲಿ ಕಾಯುವುದುಂಟು. ಇದು ಅಜ್ಜಯ್ಯನನ್ನು ನೆನಪಿಸಿಕೊಳ್ಳುವ ನಮ್ಮ ರೀತಿ, ಅವರು ಎದ್ದು ಬರುವುದಿಲ್ಲ ಎಂದು ಮೆಲ್ಲಗೆ ಹೇಳಿದರೆ ಆಚರಣೆಗೂ ಊನವಿಲ್ಲ, ಮಗುವಿಗೂ ಮೋಸವಿಲ್ಲ. ಸತ್ತವರು ಈಗ ಎಲ್ಲಿದ್ದಾರೆ ಎಂಬ ಪ್ರಶ್ನೆಗೆ ಆಯಾ ಮನೆಯ ನಂಬಿಕೆಯೇ ಉತ್ತರ. ದೇವರ ಹತ್ತಿರ ಎನ್ನುವುದಾದರೂ ‘ಸತ್ತರು, ಮರಳುವುದಿಲ್ಲ’ ಎಂಬ ಮಾತು ಮೊದಲು ಬಂದಿರಲಿ.

ಟಿವಿಯವರೂ ಒಮ್ಮೆ ಇದೇ ಇಕ್ಕಟ್ಟಿಗೆ ಸಿಕ್ಕಿದ್ದರು. ಅಮೆರಿಕದ ಮಕ್ಕಳ ಕಾರ್ಯಕ್ರಮ ‘ಸೆಸಮಿ ಸ್ಟ್ರೀಟ್’ನಲ್ಲಿ ಅಂಗಡಿಯ ಹೂಪರ್ ಪಾತ್ರ ಮಾಡುತ್ತಿದ್ದ ವಿಲ್ ಲೀ 1982ರ ಡಿಸೆಂಬರಿನಲ್ಲಿ ತೀರಿಕೊಂಡರು. ಬೇರೆ ಊರಿಗೆ ಹೋದರು ಎಂದು ದಾಟಿಸಬಹುದಿತ್ತು. ತಯಾರಕರು ತಜ್ಞರನ್ನು ಕೇಳಿ, ನಿಜ ಹೇಳಲು ತೀರ್ಮಾನಿಸಿದರು. 1983ರ ನವೆಂಬರ್ 24ರಂದು, ಅಪ್ಪ ಅಮ್ಮಂದಿರು ಮನೆಯಲ್ಲಿರುವ ಹಬ್ಬದ ದಿನವೇ ಆ ಕಂತು ಬಂತು. ಕಾರ್ಯಕ್ರಮದ ಹಕ್ಕಿ ಪಾತ್ರ ಬಿಗ್ ಬರ್ಡ್ ಎಲ್ಲರ ಚಿತ್ರ ಬರೆದು ಹಂಚುತ್ತದೆ. ಹೂಪರ್ ಚಿತ್ರ ಕೈಯಲ್ಲೇ ಉಳಿಯುತ್ತದೆ. ಅವರು ಬಂದಾಗ ಕೊಡುತ್ತೇನೆ ಎನ್ನುತ್ತದೆ ಅದು. ದೊಡ್ಡವರು ಒಬ್ಬೊಬ್ಬರಾಗಿ ನಿಜ ಹೇಳುತ್ತಾರೆ, ಕೆಲವರ ಗಂಟಲು ಕಟ್ಟುತ್ತದೆ. ಕೊನೆಗೆ ಆ ಚಿತ್ರ ಬಿಗ್ ಬರ್ಡ್‌ನ ಗೂಡಿನ ಹತ್ತಿರ ತೂಗುತ್ತದೆ.

ಎಲ್ಲಿ ಸಿಗುತ್ತವೆ

ವಿದೇಶಿ ಪುಸ್ತಕಗಳು ದುಬಾರಿ, ಕೊಪ್ಪದ ಅಂಗಡಿಯಲ್ಲಿ ಹುಡುಕಿ ಪ್ರಯೋಜನವಿಲ್ಲ, ಆನ್‌ಲೈನಿನಲ್ಲೇ ತರಿಸಬೇಕು. ನಾಲ್ಕು ಮನೆಯವರು ಸೇರಿ ಒಂದೊಂದು ಕೊಂಡು ಬದಲಾಯಿಸಿಕೊಳ್ಳುವುದು ಜಾಣತನ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ‘ಸ್ಟೋರಿವೀವರ್’ ತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಉಚಿತ. ಇಳಿಸಿಕೊಳ್ಳಬಹುದು, ಮುದ್ರಿಸಬಹುದು, ಬೇರೆ ಭಾಷೆಯದನ್ನು ಯಾರು ಬೇಕಾದರೂ ಕನ್ನಡಕ್ಕೆ ತಂದು ಅಲ್ಲೇ ಹಾಕಬಹುದು. ‘ಅರಿವು ಕೇಂದ್ರ’ ಎಂದು ಹೆಸರು ಬದಲಾದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರ ‘ಓದುವ ಬೆಳಕು’ ಕಾರ್ಯಕ್ರಮದಿಂದೀಚೆಗೆ ಮಕ್ಕಳಿಗೆ ಸದಸ್ಯತ್ವ ಉಚಿತ. ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳ ನಡುವೆ ಇಂಥ ನಾಲ್ಕು ಪುಸ್ತಕ ಇಡಿ ಎಂದು ಅಲ್ಲಿನ ಗ್ರಂಥಪಾಲಕರನ್ನು ಕೇಳಬಹುದು; ಕೇಳುವವರಿಲ್ಲದೆ ಅವರೂ ತರಿಸುವುದಿಲ್ಲ.

ಪುಸ್ತಕ ಎಲ್ಲಕ್ಕೂ ಮದ್ದಲ್ಲ. ತಿಂಗಳುಗಟ್ಟಲೆ ಊಟ ನಿದ್ದೆ ಕೆಟ್ಟರೆ, ಶಾಲೆಯ ಹೆಸರೆತ್ತಿದರೆ ನಡುಗಿದರೆ, ‘ನಾನೂ ಅಜ್ಜಯ್ಯನ ಹತ್ರ ಹೋಗ್ತೀನಿ’ ಎಂದು ಮತ್ತೆ ಮತ್ತೆ ಹೇಳಿದರೆ ಕಾಯಬಾರದು. ಬೆಂಗಳೂರಿನ ನಿಮ್ಹಾನ್ಸ್ ಉಸ್ತುವಾರಿಯ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಉಳಿದದ್ದು ಮನೆಯಲ್ಲೇ ಮಾಡುವ ಪುಸ್ತಕ. ಬಿಳಿ ಹಾಳೆ ನಾಲ್ಕು, ನಡುವೆ ಮಡಚಿ ದಾರದ ಹೊಲಿಗೆ ಹಾಕಿದರೆ ಹದಿನಾರು ಪುಟ. ಅಜ್ಜಯ್ಯನ ಮುಖ ಬರೆಯಿಸುವ ಹಟ ಬೇಡ, ಅದು ಮಕ್ಕಳಿಗೆ ಕಷ್ಟ. ಅವರ ವಸ್ತುಗಳು ಸುಲಭ: ಎಲೆಅಡಿಕೆ ಸಂಚಿ, ಅಡಿಕೆ ಸುಲಿಯುವ ಮೆಟ್ಟುಗತ್ತಿ, ಮಳೆಗಾಲದ ಕಂಬಳಿ ಕೊಪ್ಪೆ, ಎರಡು ಸಲ ತಟ್ಟಿದರೆ ಮಾತ್ರ ಹತ್ತುತ್ತಿದ್ದ ಟಾರ್ಚು. ಬ್ಯಾಜರ್ ಗೆಳೆಯರ ಹಾಗೆ ಅಜ್ಜಯ್ಯ ಕಲಿಸಿದ್ದಕ್ಕೆ ಒಂದೆರಡು ಪುಟ ಇರಲಿ. ಹಾಳೆಟೊಪ್ಪಿ ಕಟ್ಟಿದ್ದು, ಹಸುವಿನ ಗಂಗೆದೊಗಲು ತುರಿಸಿದರೆ ಅದು ಕತ್ತು ಚಾಚುತ್ತದೆ ಎಂದು ತೋರಿಸಿದ್ದು. ಮಗು ಹೇಳಿದ ಮಾತನ್ನು ಅದರ ಬಾಯಲ್ಲಿ ಬಂದ ಹಾಗೆಯೇ ಕೆಳಗೆ ಬರೆಯಬೇಕು, ತಿದ್ದಬಾರದು. ಒಂದು ಪುಟದಲ್ಲಿ “ಅಜ್ಜಯ್ಯ ಸತ್ತುಹೋದ್ರು” ಎಂದು ಇರಲಿ.

ನಡುವೆ ಎಲ್ಲಾದರೂ ಕರುವಿನ ಚಿತ್ರ ಬೇಕೆಂದು ಹುಡುಗಿ ಹಟ ಹಿಡಿದರೆ, ಇದು ಅಜ್ಜಯ್ಯನ ಪುಸ್ತಕ ಅಲ್ವಾ ಎನ್ನಬೇಡಿ. ದಾರ ಬಿಚ್ಚಿ ಇನ್ನೊಂದು ಹಾಳೆ ಸೇರಿಸಿ.